ಓದಿದಷ್ಟೂ ಗೊಂದಲವೇ? ತತ್ತ್ವಶಾಸ್ತ್ರ ಓದುವವರಿಗೆ ಹನ್ನೆರಡು ಸೂತ್ರಗಳು

“ಓದೂಕಿಂತ ಮೊದಲ ಎಲ್ಲಾ ತಿಳೀತಿತ್ರಿ ಸರ. ಓದಾಕ ಹತ್ತಿದ ಮ್ಯಾಲ ತಲಿ ಮೊಸರಗಡಿಗಿ ಆಗೇತಿ.” ಸಂಶಿ, ಗುಡಗೇರಿ, ಕುಂದಗೋಳದ ಕಡೆಯಿಂದ ರೈಲು ಹತ್ತಿ ಹುಬ್ಬಳ್ಳಿ, ಧಾರವಾಡಕ್ಕೆ ಓದಲು ಬರುವ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತು ಹೊಸದಲ್ಲ. ಬಿ.ಎ.ಗೆ ತತ್ತ್ವಶಾಸ್ತ್ರ ತೆಗೆದುಕೊಂಡವರು, ಧಾರವಾಡದಲ್ಲಿ ರೂಮು ಹಿಡಿದು ಯುಪಿಎಸ್‌ಸಿಗೆ ಅದನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು, ಶ್ರಾವಣದಲ್ಲಿ ಮಠದ ಪ್ರವಚನ ಕೇಳಿ ಬಂದು ರಾತ್ರಿ ನಿದ್ದೆ ಬಾರದೆ ಹೊರಳಾಡುವ ಹಿರಿಯರು, ಎಲ್ಲರದೂ ಒಂದೇ ದೂರು. ದೇವರು ಅಂದರೇನು, ಆತ್ಮ ಅಂದರೇನು, ಯಾವುದು ಸರಿ ಯಾವುದು ತಪ್ಪು ಎಂದು ಮೊದಲು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದರು. ಈಗ ಬಾಯಿ ತೆರೆಯಲು ಹಿಂಜರಿಕೆ.

ಈ ದೂರು ಕೇಳಿದಾಗ ಹಲವರು “ಹಾಗಾದರೆ ಬಿಟ್ಟುಬಿಡು, ಬೇರೆ ಸಬ್ಜೆಕ್ಟ್ ತಗೋ” ಎಂದು ಬುದ್ಧಿ ಹೇಳುತ್ತಾರೆ. ಅದು ತಪ್ಪು ಸಲಹೆ. ಗೊಂದಲವಾಗಿದೆ ಎಂದರೆ ಬಹುಪಾಲು ಸಲ ಓದು ಒಳಗೆ ಇಳಿದಿದೆ ಎಂದರ್ಥ. ಆದರೆ ಆ ಗೊಂದಲ ಎಲ್ಲಿ ಹುಟ್ಟಿತು, ಯಾವ ಎರಡು ಮಾತುಗಳ ನಡುವೆ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲು ಬರಬೇಕು. ಅಷ್ಟು ಬಂದರೆ ಮುಂದಿನ ದಾರಿ ಇದೆ. ಆ ದಾರಿಯ ಕೆಲವು ಸೂತ್ರಗಳು ಇಲ್ಲಿವೆ.

1. ಗೊಂದಲ ಎರಡು ಬಗೆ. ನಿಮ್ಮದು ಯಾವುದು ನೋಡಿಕೊಳ್ಳಿ

ಒಂದು, ಅಡ್ಡಾದಿಡ್ಡಿ ಓದಿನಿಂದ ಬಂದದ್ದು. ಬೆಳಿಗ್ಗೆ ಶಂಕರ, ಮಧ್ಯಾಹ್ನ ಕಾಂಟ್, ರಾತ್ರಿ ಯೂಟ್ಯೂಬಿನಲ್ಲಿ ಯಾರದೋ ಉಪನ್ಯಾಸ. ಇನ್ನೊಂದು, ವಿಷಯ ಸರಿಯಾಗಿ ಕೈಗೆ ಸಿಕ್ಕಾಗ ಹುಟ್ಟುವ ಸಂಶಯ. ಎರಡನ್ನೂ ಬೇರ್ಪಡಿಸಲು ಒಂದು ಹಾಳೆ ಸಾಕು. ನಿಮ್ಮನ್ನು ಕಾಡುತ್ತಿರುವುದನ್ನು ಪ್ರಶ್ನೆಯ ರೂಪದಲ್ಲಿ, ಒಂದೇ ವಾಕ್ಯದಲ್ಲಿ ಬರೆಯಿರಿ. “ಆತ್ಮ ಬದಲಾಗುವುದಿಲ್ಲ ಎನ್ನುವುದಾದರೆ, ನಿನ್ನೆ ದುಃಖಪಟ್ಟವನು ಇವತ್ತು ಸಂತೋಷವಾಗಿರುವುದು ಹೇಗೆ?” ಎಂದು ಬರೆಯಲು ಬಂದರೆ ನಿಮ್ಮದು ನಿಜವಾದ ಸಂಶಯ, ಅದನ್ನು ಜೋಪಾನ ಮಾಡಿ. “ಏನೋ ಒಂಥರಾ, ಎಲ್ಲಾ ಕಲಸುಮೇಲೋಗರ” ಎಂದಷ್ಟೇ ಬರೆಯಲು ಬಂದರೆ ಪುಸ್ತಕ ಮುಚ್ಚಿಟ್ಟು, ನಾಳೆ ಅದೇ ಅಧ್ಯಾಯವನ್ನು ಮೊದಲಿನಿಂದ ಓದಿ.

2. ಸಂಶಯಕ್ಕೆ ಶಾಸ್ತ್ರವೇ ಮಣೆ ಹಾಕಿದೆ

ಗೌತಮನ ನ್ಯಾಯಸೂತ್ರದ ಮೊಟ್ಟಮೊದಲ ಸೂತ್ರ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ. ಪ್ರಮಾಣ, ಪ್ರಮೇಯ ಆದ ಕೂಡಲೇ ಮೂರನೆಯದೇ ಸಂಶಯ. ನಿರ್ಣಯ ಬರುವುದು ಒಂಬತ್ತನೆಯದಾಗಿ. ಗೊತ್ತೇ ಇಲ್ಲದ ವಿಷಯದಲ್ಲಾಗಲಿ, ಆಗಲೇ ತೀರ್ಮಾನವಾದ ವಿಷಯದಲ್ಲಾಗಲಿ ನ್ಯಾಯಕ್ಕೆ ಕೆಲಸವಿಲ್ಲ, ಸಂಶಯ ಬಂದ ವಿಷಯದಲ್ಲೇ ಅದರ ಕೆಲಸ ಎಂದು ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟವಾಗಿ ಹೇಳುತ್ತಾನೆ. ಅಂದಮೇಲೆ ಸಂಶಯ ಬಂತೆಂದು ನಾಚಿಕೊಳ್ಳುವುದೇಕೆ?

ನೈಯಾಯಿಕರ ಹಳೆಯ ಉದಾಹರಣೆಯನ್ನು ನಮ್ಮ ಹೊಲಕ್ಕೇ ತನ್ನಿ. ಹೊತ್ತು ಮುಳುಗಿ ಕತ್ತಲಾಗುತ್ತಿದೆ. ಸಂಶಿಯ ಯರಿ ಹೊಲದ ಬದುವಿನ ಮೇಲೆ ನಿಂತಿದ್ದೀರಿ. ದೂರದಲ್ಲಿ ಎತ್ತರಕ್ಕೆ ಏನೋ ನಿಂತಿದೆ. ಮೋಟುಮರವೋ, ಮನುಷ್ಯನೋ? ಇಲ್ಲಿ ಸಂಶಯ ಹುಟ್ಟಿದ್ದು ಏಕೆ? ಎತ್ತರ ಎಂಬುದು ಎರಡಕ್ಕೂ ಸಮಾನ. ಅದು ಕಾಣುತ್ತಿದೆ. ಮನುಷ್ಯನಾದರೆ ಕೈಕಾಲು ಇರಬೇಕು, ಮೋಟುಮರವಾದರೆ ಪೊಟರೆಯೋ ಕೊಂಬೆಯ ಬುಡವೋ ಇರಬೇಕು. ಆ ವಿಶೇಷ ಕಾಣುತ್ತಿಲ್ಲ. ಆದರೆ ಎರಡೂ ನೆನಪಿನಲ್ಲಿವೆ. ಮರವನ್ನೂ ಮನುಷ್ಯನನ್ನೂ ಎಂದೂ ನೋಡದವನಿಗೆ ಈ ಸಂಶಯ ಬರುವುದೇ ಸಾಧ್ಯವಿಲ್ಲ. ಇದನ್ನು ಚೆನ್ನಾಗಿ ಗಮನಿಸಿ: ಸಂಶಯಪಡಲಿಕ್ಕೂ ತಿಳಿವಳಿಕೆ ಬೇಕು. ಓದದೇ ಇದ್ದಾಗ ನಿಮಗೆ ಗೊಂದಲವಿರಲಿಲ್ಲ, ಏಕೆಂದರೆ ನಿಮ್ಮ ಹತ್ತಿರ ಒಂದೇ ಆಯ್ಕೆ ಇತ್ತು.

ಈಗ ಇದನ್ನು ಓದಿಗೆ ಹಚ್ಚಿ. “ಜಗತ್ತು ಸತ್ಯವೋ, ಮಿಥ್ಯೆಯೋ?” ಎಂಬುದು ನಿಮ್ಮ ತಲೆ ಕೆಡಿಸಿದೆ ಅನ್ನಿ. ಜಗತ್ತು ಕಣ್ಣಿಗೆ ಕಾಣುತ್ತದೆ ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಹಾಗಿದ್ದ ಮೇಲೆ “ಎದುರಿಗೇ ಕಾಣುತ್ತಲ್ಲ!” ಎಂದು ಮೇಜು ಗುದ್ದಿ ಏನೂ ಆಗದು, ಅದು ಆ ಎತ್ತರದ ಹಾಗೆ ಸಮಾನ ಧರ್ಮ. ತೀರ್ಮಾನ ಮಾಡಬಲ್ಲ ವಿಶೇಷ ಯಾವುದು? ಅದ್ವೈತಿ ಹೇಳುವುದು, ಮುಂದೆ ಎಂದೂ ಬಾಧೆಗೊಳ್ಳದೆ, ಅಂದರೆ ಸುಳ್ಳೆಂದು ತಳ್ಳಿಹೋಗದೆ, ಉಳಿಯುವುದು ಮಾತ್ರ ಪರಮಾರ್ಥ ಸತ್ಯ ಎಂದು. ದ್ವೈತಿ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತಾನೆ: ಜಗತ್ತು ಬಾಧೆಗೊಂಡದ್ದನ್ನು ಕಂಡವರು ಯಾರು? ಇಷ್ಟು ದೂರ ಬಂದರೆ ಗೊಂದಲ ಪೂರ್ತಿ ಕರಗಿಲ್ಲ, ನಿಜ. ಆದರೆ ಅದು ಈಗ ಒಂದೇ ಜಾಗದಲ್ಲಿ ನಿಂತಿದೆ. ನೀವು ಅಲ್ಲಿಗೆ ನಡೆದು ಹೋಗಿ ನೋಡಬಹುದು.

ಸಂಶಯಕ್ಕೂ ನಿರ್ಣಯಕ್ಕೂ ನಡುವೆ ಗೌತಮ ಇಟ್ಟ ಐದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಪ್ರಯೋಜನ: ಇದು ತೀರ್ಮಾನವಾದರೆ ಏನು ಬದಲಾಗುತ್ತದೆ? ದೃಷ್ಟಾಂತ: ಇಬ್ಬರೂ ಒಪ್ಪುವ ಉದಾಹರಣೆ ಯಾವುದು? ಸಿದ್ಧಾಂತ: ಆಗಲೇ ಒಪ್ಪಿಕೊಂಡಿರುವುದು ಏನು? ಅವಯವ: ವಾದವನ್ನು ಬಿಡಿ ಬಿಡಿ ವಾಕ್ಯಗಳಾಗಿ ಬರೆದದ್ದು ಎಲ್ಲಿ? ತರ್ಕ: ಹಾಗಲ್ಲ ಎಂದಿಟ್ಟುಕೊಂಡರೆ ಏನು ಎಡವಟ್ಟಾಗುತ್ತದೆ?

3. ಗೊಂದಲವೇ ಆಗದಿದ್ದರೆ ಚಿಂತೆ ಮಾಡಿ

ಛಾಂದೋಗ್ಯದ ಆರನೆಯ ಅಧ್ಯಾಯದ ಶ್ವೇತಕೇತು ಹನ್ನೆರಡನೆಯ ವಯಸ್ಸಿಗೆ ಗುರುಕುಲಕ್ಕೆ ಹೋಗಿ ಇಪ್ಪತ್ನಾಲ್ಕಕ್ಕೆ ಮರಳಿ ಬಂದ. ಎಲ್ಲ ವೇದ ಓದಿದ್ದ. ಎದೆಯುಬ್ಬಿಸಿಕೊಂಡು, ತನ್ನಂಥ ಪಂಡಿತನಿಲ್ಲ ಎಂಬ ಹಮ್ಮಿನಲ್ಲಿ ಬಂದ. ತಂದೆ ಉದ್ದಾಲಕ ಒಂದೇ ಪ್ರಶ್ನೆ ಕೇಳಿದ. ಮಗನಿಗೆ ಉತ್ತರ ಗೊತ್ತಿರಲಿಲ್ಲ. ಅವನ ನಿಜವಾದ ಪಾಠ ಅಲ್ಲಿಂದ ಶುರುವಾಯಿತು. ಅದೇ ಉಪನಿಷತ್ತಿನ ಮುಂದಿನ ಅಧ್ಯಾಯದಲ್ಲಿ ನಾರದ ಸನತ್ಕುಮಾರನ ಬಳಿ ಬಂದು, ತಾನು ಕಲಿತ ವಿದ್ಯೆಗಳ ಉದ್ದನೆಯ ಪಟ್ಟಿ ಒಪ್ಪಿಸಿ, ಆದರೂ ದುಃಖ ಹೋಗಿಲ್ಲ ಎಂದು ಹೇಳಿಕೊಳ್ಳುತ್ತಾನೆ. ಶ್ವೇತಕೇತುವಿಗಿಂತ ನಾರದ ಒಂದು ಹೆಜ್ಜೆ ಮುಂದಿದ್ದ. ತನಗೆ ಏನು ತಿಳಿದಿಲ್ಲ ಎಂಬುದನ್ನು ಅವನೇ ಕಂಡುಕೊಂಡು ಬಂದಿದ್ದ.

4. ನೆಲದ ಮೇಲೆ ಒಂದು ಚೌಕ ಬರೆಯಿರಿ

ಇದನ್ನು ಓದಿ ಬಿಡಬೇಡಿ, ಸೀಮೆಸುಣ್ಣ ಹಿಡಿದು ಮಾಡಿ ನೋಡಿ. ಎರಡಡಿ ಉದ್ದ, ಎರಡಡಿ ಅಗಲದ ಚೌಕ. ಅದರ ವಿಸ್ತೀರ್ಣ ನಾಲ್ಕು ಚದರಡಿ. ಈಗ ಇದರ ಎರಡರಷ್ಟು, ಅಂದರೆ ಎಂಟು ಚದರಡಿಯ ಚೌಕ ಬೇಕು. ಬಾಹು ಎಷ್ಟಿರಬೇಕು?

ಪ್ಲೇಟೋ ಬರೆದ ‘ಮೆನೊ’ ಸಂವಾದದಲ್ಲಿ ಸಾಕ್ರಟೀಸ್ ಈ ಪ್ರಶ್ನೆಯನ್ನು ರೇಖಾಗಣಿತ ಕಲಿಯದ ಒಬ್ಬ ದಾಸ ಹುಡುಗನಿಗೆ ಹಾಕುತ್ತಾನೆ. ಹುಡುಗ ಧೈರ್ಯವಾಗಿ “ನಾಲ್ಕಡಿ” ಎನ್ನುತ್ತಾನೆ. ಬರೆದು ನೋಡಿದರೆ ಹದಿನಾರು ಚದರಡಿ. ಎರಡರಷ್ಟು ಬೇಕಿತ್ತು, ನಾಲ್ಕರಷ್ಟಾಯಿತು. “ಹಾಗಾದರೆ ಮೂರಡಿ” ಎನ್ನುತ್ತಾನೆ. ಒಂಬತ್ತು ಚದರಡಿ. ಅದೂ ತಪ್ಪು. ಆಗ ಹುಡುಗ ಕೈಚೆಲ್ಲಿ, ತನಗೆ ಗೊತ್ತಿಲ್ಲ ಎನ್ನುತ್ತಾನೆ.

ಸಾಕ್ರಟೀಸ್ ಅಲ್ಲಿ ಪಾಠ ನಿಲ್ಲಿಸಿ ಪಕ್ಕದಲ್ಲಿದ್ದ ಮೆನೊನತ್ತ ತಿರುಗುತ್ತಾನೆ. ಹುಡುಗ ಮೊದಲಿಗಿಂತ ಈಗ ಒಳ್ಳೆಯ ಸ್ಥಿತಿಯಲ್ಲಿದ್ದಾನೆಯೇ, ಕೆಟ್ಟ ಸ್ಥಿತಿಯಲ್ಲಿದ್ದಾನೆಯೇ ಎಂದು ಕೇಳುತ್ತಾನೆ. ಮೊದಲೂ ಅವನಿಗೆ ಗೊತ್ತಿರಲಿಲ್ಲ, ಆದರೆ ಗೊತ್ತಿದೆ ಅಂದುಕೊಂಡಿದ್ದ. ಈಗಲೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಎಂಬುದು ಗೊತ್ತಾಗಿದೆ. ಆದ್ದರಿಂದ ಈಗ ಹುಡುಕಲು ಹೊರಡುತ್ತಾನೆ. ಅದಾದ ಮೇಲೆ ಸಾಕ್ರಟೀಸ್ ಚೌಕದ ಮೂಲೆಯಿಂದ ಮೂಲೆಗೆ ಗೆರೆ ಎಳೆದು ತೋರಿಸುತ್ತಾನೆ. ಆ ಕರ್ಣದ ಮೇಲೆ ಕಟ್ಟಿದ ಚೌಕವೇ ಎಂಟು ಚದರಡಿ. ನೀವೂ ಎಳೆದು ನೋಡಿ: ಮೊದಲ ಚೌಕದಲ್ಲಿ ಎರಡು ತ್ರಿಕೋನ, ಹೊಸದರಲ್ಲಿ ಅಂಥವೇ ನಾಲ್ಕು.

ಈ ಉತ್ತರ “ನಾಲ್ಕು”, “ಮೂರು” ಎಂಬ ಜಾತಿಯದ್ದಲ್ಲ. ಅಡಿಗಳ ಪೂರ್ಣಸಂಖ್ಯೆಯಲ್ಲಾಗಲಿ ಭಿನ್ನರಾಶಿಯಲ್ಲಾಗಲಿ ಅದನ್ನು ಹೇಳಲು ಬರುವುದೇ ಇಲ್ಲ. ಹುಡುಗ ತನ್ನ ಮೊದಲ ಧೈರ್ಯದಲ್ಲೇ ಉಳಿದಿದ್ದರೆ ಅಲ್ಲಿಗೆ ತಲುಪುತ್ತಿರಲಿಲ್ಲ. ತತ್ತ್ವಶಾಸ್ತ್ರದ ಎಷ್ಟೋ ಉತ್ತರಗಳೂ ನಾವು ಮೊದಲು ಹುಡುಕಿದ ಜಾಗದಲ್ಲಿ ಇರುವುದಿಲ್ಲ.

5. ಪೂರ್ವಪಕ್ಷಕ್ಕೆ ‘ಪೂ’, ಸಿದ್ಧಾಂತಕ್ಕೆ ‘ಸಿ’

ವಿದ್ಯಾರ್ಥಿಗಳ ಅರ್ಧಕ್ಕರ್ಧ ಗೊಂದಲ ಬರುವುದು ಇಲ್ಲಿ. ನಮ್ಮ ಶಾಸ್ತ್ರಕಾರರು ತಮ್ಮ ಮಾತು ಹೇಳುವ ಮೊದಲು ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳುತ್ತಾರೆ. ಅದು ಪೂರ್ವಪಕ್ಷ. ಅರ್ಧ ಪುಟ ಓದಿ ಪುಸ್ತಕ ಮುಚ್ಚಿದವರು ಅದನ್ನೇ ಶಂಕರರ ಮತವೆಂದು ತಿಳಿದು ಹೋಗಿರುತ್ತಾರೆ. ಮರುದಿನ ಉಳಿದರ್ಧ ಓದಿದಾಗ “ನಿನ್ನೆ ಹೀಗಂದು ಇವತ್ತು ಹಾಗನ್ನುತ್ತಾರಲ್ಲ!” ಎನ್ನಿಸುತ್ತದೆ.

ಮೀಮಾಂಸೆಯ ಒಂದೊಂದು ಅಧಿಕರಣದಲ್ಲೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳು. ಬ್ರಹ್ಮಸೂತ್ರದ ವ್ಯಾಖ್ಯಾನವೂ ಇದೇ ಅಚ್ಚಿನದು. ಪೆನ್ಸಿಲ್ ಹಿಡಿದು ಅಂಚಿನಲ್ಲಿ ಗುರುತು ಹಾಕುತ್ತ ಓದಿ. ಸಂಸ್ಕೃತ ಮೂಲವನ್ನೋ ಅಕ್ಷರಶಃ ಅನುವಾದವನ್ನೋ ಓದುವಾಗ ‘ನನು’ ಎಂದು ಬಂದರೆ ಆಕ್ಷೇಪ ಶುರು. ‘ಇತಿ ಚೇತ್, ನ’ ಎಂದರೆ ಆಕ್ಷೇಪ ಮುಗಿದು ಉತ್ತರ ಶುರು. ‘ಉಚ್ಯತೇ’ ಎಂದರೆ ಈಗ ಹೇಳುತ್ತಿರುವವರು ಗ್ರಂಥಕಾರರೇ. ಕನ್ನಡ ಅನುವಾದಗಳಲ್ಲಿ “ಹೀಗೆ ಎಂದರೆ, ಹಾಗಲ್ಲ” ಎಂಬ ರೂಪದಲ್ಲಿ ಅದೇ ಕಾಣುತ್ತದೆ. ಪಾಶ್ಚಾತ್ಯರನ್ನು ಓದುವಾಗಲೂ ಈ ಗುರುತು ಕೆಲಸಕ್ಕೆ ಬರುತ್ತದೆ. ಡೇಕಾರ್ಟ್ 1641ರ ತನ್ನ ‘ಮೆಡಿಟೇಷನ್ಸ್’ನ ಮೊದಲ ಭಾಗದಲ್ಲಿ ಎಲ್ಲವನ್ನೂ ಅನುಮಾನಿಸುತ್ತಾನೆ ಎಂದು ಅಲ್ಲಿಗೇ ನಿಲ್ಲಿಸಿದವರು ಅವನನ್ನು ಸಂಶಯವಾದಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳುತ್ತಾರೆ.

6. ‘ಏನು’ ಕೇಳುವ ಮೊದಲು ‘ಹೇಗೆ ಗೊತ್ತು’ ಎಂದು ಕೇಳಿ

ಪ್ರತಿ ದರ್ಶನದ ಬಾಗಿಲಲ್ಲಿ ಮೊದಲು ಅದರ ಪ್ರಮಾಣಗಳನ್ನು, ಅಂದರೆ ತಿಳಿವಿನ ಸಾಧನಗಳನ್ನು, ಎಣಿಸಿ. ಚಾರ್ವಾಕರಿಗೆ ಒಂದೇ, ಪ್ರತ್ಯಕ್ಷ. ಬೌದ್ಧರಿಗೂ ವೈಶೇಷಿಕರಿಗೂ ಎರಡು. ಸಾಂಖ್ಯರಿಗೆ ಮೂರು. ನೈಯಾಯಿಕರಿಗೆ ನಾಲ್ಕು. ಪ್ರಾಭಾಕರ ಮೀಮಾಂಸಕರಿಗೆ ಐದು. ಭಾಟ್ಟರಿಗೂ ಅದ್ವೈತಿಗಳಿಗೂ ಆರು. ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಏಕೆ ಮುಖ್ಯ ಎಂದು ಹೇಳಿಕೊಡುವವರು ಕಡಿಮೆ.

ದೇವದತ್ತ ಹಗಲು ಊಟ ಮಾಡುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಮೀಮಾಂಸಕ ಇದನ್ನು ಅರ್ಥಾಪತ್ತಿ ಎಂಬ ಬೇರೆ ಪ್ರಮಾಣ ಎನ್ನುತ್ತಾನೆ; ನೈಯಾಯಿಕ ಇದೂ ಅನುಮಾನವೇ ಎನ್ನುತ್ತಾನೆ. ದೇವದತ್ತ ರಾತ್ರಿ ಉಣ್ಣುತ್ತಾನೆ ಎಂಬುದರಲ್ಲಿ ಇಬ್ಬರಿಗೂ ಜಗಳವಿಲ್ಲ! ಇನ್ನೊಂದು ಕಡೆ ಚಾರ್ವಾಕನೂ ಮೀಮಾಂಸಕನೂ ಪರಲೋಕದ ಬಗ್ಗೆ ಜಗಳವಾಡುವುದು ಕಂಡರೆ, ಆ ಜಗಳ ಪರಲೋಕದ್ದಲ್ಲ, ಶಬ್ದವನ್ನು, ಅಂದರೆ ವೇದದಂಥ ವಚನವನ್ನು, ಪ್ರಮಾಣವೆಂದು ಒಪ್ಪಬೇಕೇ ಬೇಡವೇ ಎಂಬುದರದ್ದು. ಬೇರು ಎಲ್ಲಿದೆ ಎಂದು ತಿಳಿದರೆ ಕೊಂಬೆ ಕೊಂಬೆಗೂ ಹತ್ತಿ ದಣಿಯುವುದು ತಪ್ಪುತ್ತದೆ.

7. ಒಂದು ಸಲಕ್ಕೆ ಒಂದೇ ದರ್ಶನ

ಯುಪಿಎಸ್‌ಸಿ ತತ್ತ್ವಶಾಸ್ತ್ರದ ಮೊದಲ ಪತ್ರಿಕೆಯಲ್ಲಿ 250 ಅಂಕಗಳಿಗೆ ಪ್ಲೇಟೋನಿಂದ ಕ್ವೈನ್, ಸ್ಟ್ರಾಸನ್‌ವರೆಗೆ, ಚಾರ್ವಾಕದಿಂದ ಅರವಿಂದರವರೆಗೆ ಎಲ್ಲವೂ ಇದೆ. ಕೋಚಿಂಗ್ ನೋಟ್ಸಿನಲ್ಲಿ ಒಂದೊಂದಕ್ಕೆ ಮೂರು ಪುಟ. ಹಾಗೆ ಓದಿದರೆ ತಲೆ ತಿರುಗದೆ ಇನ್ನೇನಾದೀತು?

ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರು ‘ಸರ್ವದರ್ಶನ ಸಂಗ್ರಹ’ ಬರೆದರು. ಹದಿನಾರು ದರ್ಶನಗಳು. ವೇದಾಂತಿಯಾದ ಅವರು ಶುರು ಮಾಡಿದ್ದು ಚಾರ್ವಾಕನಿಂದ. ಚಾರ್ವಾಕನ ಅಧ್ಯಾಯದಲ್ಲಿ ಮಾತು ಪೂರ್ತಿ ಚಾರ್ವಾಕನದೇ. ಖಂಡನೆ ಏನಿದ್ದರೂ ಮುಂದಿನ ದರ್ಶನ ಬಂದಾಗ. ನೀವೂ ಹಾಗೆ ಓದಿ. ಬೌದ್ಧ ದರ್ಶನ ಓದುವ ಹದಿನೈದು ದಿನ ನೀವು ಬೌದ್ಧರೇ. ಕ್ಷಣಿಕವಾದವನ್ನು ಗೆಳೆಯರ ಎದುರು ಸಮರ್ಥಿಸಿ ಸೋಲದೆ ನಿಲ್ಲಬೇಕು. ಆಮೇಲೆ ನ್ಯಾಯಕ್ಕೆ ಬನ್ನಿ. ಇಡೀ ನಕ್ಷೆ ಒಂದೇ ಕಡೆ ಬೇಕೆನ್ನುವವರು ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಪುಸ್ತಕವನ್ನು ಕೈಯಲ್ಲಿಟ್ಟುಕೊಳ್ಳಿ. ಅದಕ್ಕಿಂತ ಅಚ್ಚುಕಟ್ಟಾದದ್ದು ನನಗೆ ಸಿಕ್ಕಿಲ್ಲ.

8. ಉಪನಿಷತ್ತುಗಳಿಂದ ಒಂದೇ ಉತ್ತರ ಬರಬೇಕೆಂದು ಹಟ ಹಿಡಿಯಬೇಡಿ

ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಕೊನೆಗೆ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾ.ದ. ರಾನಡೆ ಮೊದಲು ಗಣಿತದ ವಿದ್ಯಾರ್ಥಿ. 1926ರಲ್ಲಿ ಬಂದ ಉಪನಿಷತ್ತುಗಳ ಕುರಿತ ಅವರ ಇಂಗ್ಲಿಷ್ ಗ್ರಂಥ, ಮುಂದಿನ ಬೇರೆ ಬೇರೆ ದರ್ಶನಗಳ ಬೀಜಗಳೆಲ್ಲ ಅಲ್ಲಿ ಒಟ್ಟಿಗೇ ಇವೆ ಎಂದು ತೋರಿಸಿಕೊಟ್ಟಿತು. ಉದ್ದಾಲಕ ಶ್ವೇತಕೇತುವಿಗೆ ಒಂಬತ್ತು ಸಲ ಹೇಳಿದ ‘ತತ್ತ್ವಮಸಿ’ ಎಂಬ ಪುಟ್ಟ ಮಾತನ್ನು ಶಂಕರರು ಜೀವ ಬ್ರಹ್ಮರ ಐಕ್ಯ ಎಂದರು. ರಾಮಾನುಜರು ಜೀವವನ್ನು ದೇಹವಾಗಿ ಉಳ್ಳ ಪರಮಾತ್ಮನನ್ನೇ ಅದು ಹೇಳುತ್ತದೆ ಎಂದರು. ಮಧ್ವರು ಸಂಧಿಯನ್ನೇ ಬೇರೆ ರೀತಿ ಬಿಡಿಸಿ ಭೇದವನ್ನು ಓದಿದರು. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ನಮ್ಮ ನಾಡಿನಲ್ಲೇ ಇವೆ. ಶತಮಾನಗಳಿಂದ ಮೂರೂ ಕಡೆ ಪಾಠ ನಡೆದಿದೆ. ಯಾರು ಗೆದ್ದರು ಎಂದು ಇವತ್ತು ಸಂಜೆಯೊಳಗೆ ತೀರ್ಪು ಕೊಡಬೇಕಾಗಿಲ್ಲ. ಪ್ರತಿಯೊಬ್ಬರೂ ಯಾವ ತೊಡಕು ಬಿಡಿಸಲು ಹೊರಟಿದ್ದರು ಎಂದು ಬರೆದಿಟ್ಟುಕೊಳ್ಳಿ.

9. ಎದುರಿಗೆ ಒಬ್ಬರು ಬೇಕು

ಪುಸ್ತಕ ಮರುಪ್ರಶ್ನೆ ಹಾಕುವುದಿಲ್ಲ. ಮನುಷ್ಯರು ಹಾಕುತ್ತಾರೆ. ನಮ್ಮ ಕುಂದಗೋಳ ತಾಲೂಕಿನವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕಳಸದ ಗೋವಿಂದಭಟ್ಟರು ಇದೇ ತಾಲೂಕಿನವರು. ಅವರ ಹತ್ತಿರ ಬಂದವರು ಶಿಶುವಿನಹಾಳದ ಶರೀಫರು (1819–1889). ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆಯ ಮಾಸ್ತರಿಕೆ ಮಾಡಿದವರು; ಓದು ಬರಹ ಬಲ್ಲವರು. ಆದರೂ ಆ ಓದು ಸಾಲದೆಂದು ಗುರುವನ್ನು ಹುಡುಕಿದರು. ಜಾತಿ, ಮತ ಯಾವುದನ್ನೂ ಲೆಕ್ಕಿಸದೆ ಆ ಸ್ಮಾರ್ತ ಬ್ರಾಹ್ಮಣ ಗುರುವೂ ಈ ಮುಸಲ್ಮಾನ ಶಿಷ್ಯನೂ ಜೊತೆಗೆ ಬಾಳಿದ ಕಥೆ ನಮ್ಮ ಭಾಗದ ಮನೆಮನೆಯ ಮಾತು. ಶರೀಫರ ತತ್ತ್ವಪದಗಳನ್ನೇ ನೋಡಿ. ಕೋಳಿ ಕೋತಿಯನ್ನು ನುಂಗುವ ಪದವನ್ನು ಹಳ್ಳಿಯ ಭಜನಾ ಮೇಳಗಳು ಇಂದಿಗೂ ಹಾಡುತ್ತವೆ. ಕೇಳಿದವನ ಬುದ್ಧಿ ಮೊದಲು ತಡವರಿಸಲೇಬೇಕು. ಹಾಗೆಂದೇ ಕಟ್ಟಿದ ಪದ ಅದು. ಅರ್ಥ ಹೇಳಿಕೊಡುವ ಹಿರಿಯರು ಭಜನೆ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಹೋಗಿ ಅವರ ಹತ್ತಿರ ಕೂಡ್ರಿ, ಕೇಳಿ.

ಹುಬ್ಬಳ್ಳಿಯ ಸಿದ್ಧಾರೂಢರು (1836–1929) ನಿಜಗುಣ ಶಿವಯೋಗಿಗಳ ಶಾಸ್ತ್ರವನ್ನು ಜನಸಾಮಾನ್ಯರ ನಡುವೆ ಕೂತು ಹೇಳಿದರು. ಅಕ್ಷರ ಬಾರದ ರೈತರೂ ಪಂಚೀಕರಣ, ಅಧ್ಯಾರೋಪ, ಅಪವಾದ ಎಂಬ ಮಾತುಗಳನ್ನು ಆಡಿಕೊಳ್ಳುವ ಪರಂಪರೆ ಈ ಭಾಗದಲ್ಲಿ ಬೆಳೆದದ್ದು ಹಾಗೆ. ‘ಶೂನ್ಯಸಂಪಾದನೆ’ಯನ್ನು ತೆರೆದರೆ ಅಲ್ಲಮ ಎದುರಾದವರನ್ನೆಲ್ಲ ಪ್ರಶ್ನಿಸುತ್ತ ಹೋಗುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮ ಅವನ ಮಾತಿಗೆ ಮೊದಲು ಸಿಟ್ಟಾಗುತ್ತಾನೆ, ಆಮೇಲೆ ಯೋಚನೆಗೆ ಬೀಳುತ್ತಾನೆ, ಕೊನೆಗೆ ಅವನ ಜೊತೆ ಕಲ್ಯಾಣಕ್ಕೆ ಹೊರಡುತ್ತಾನೆ. ನಿಮಗೂ ಮೊದಲು ಸಿಟ್ಟೇ ಬರಬಹುದು. ಬರಲಿ.

ಯಾರ ಜೊತೆ ಮಾತಾಡಬೇಕು ಎಂಬುದರಲ್ಲಿ ಮಾತ್ರ ಎಚ್ಚರ. ಗೌತಮ ಚರ್ಚೆಯನ್ನು ಮೂರು ಮಾಡಿದ್ದಾನೆ. ಸತ್ಯ ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಬರೀ ಎದುರಿನವರನ್ನು ಕೆಡವುವುದು ವಿತಂಡ. ಮೊದಲನೆಯವರ ಜೊತೆ ರಾತ್ರಿ ಹನ್ನೊಂದರವರೆಗೂ ಕೂಡ್ರಿ. ಉಳಿದಿಬ್ಬರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

10. ಹೊಲ ಮನೆ ಬಿಡಬೇಡಿ, ಊಟ ನಿದ್ದೆ ಬಿಡಬೇಡಿ

ಡೇವಿಡ್ ಹ್ಯೂಮ್ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಲು ತೊಡಗಿದ್ದು 1739ರಲ್ಲಿ, ಮೂವತ್ತು ತುಂಬುವ ಮೊದಲು. ಅದರ ಮೊದಲ ಭಾಗದ ಕೊನೆಯಲ್ಲಿ ತನ್ನ ವಿಚಾರಗಳೇ ತನ್ನನ್ನು ಕತ್ತಲೆಗೆ ದೂಡಿವೆ ಎಂದು ತೋಡಿಕೊಳ್ಳುತ್ತಾನೆ. ಅದರಿಂದ ಅವನು ಹೊರಬಂದದ್ದು ತರ್ಕದಿಂದಲ್ಲ. ಗೆಳೆಯರ ಜೊತೆ ಊಟ, ಆಟ, ಹರಟೆಯಿಂದ. ಅದಕ್ಕೂ ಮೊದಲು, ಅತಿಯಾದ ಓದಿನಿಂದ ಆರೋಗ್ಯ ಕೆಟ್ಟು 1734ರಲ್ಲಿ ವೈದ್ಯರೊಬ್ಬರನ್ನು ಉದ್ದೇಶಿಸಿ ಉದ್ದನೆಯ ಪತ್ರವನ್ನೇ ಬರೆದಿದ್ದ. ಡೇಕಾರ್ಟ್ 1637ರಲ್ಲೇ ಇದಕ್ಕೊಂದು ವ್ಯವಸ್ಥೆ ಹೇಳಿದ್ದ: ಹಳೆಯ ಮನೆ ಕೆಡವಿ ಹೊಸದು ಕಟ್ಟುವವನಿಗೆ ಅಲ್ಲಿಯವರೆಗೆ ಇರಲು ಒಂದು ಮನೆ ಬೇಕು. ಆದ್ದರಿಂದ ಸಂಶಯ ಬಗೆಹರಿಯುವ ತನಕ ನೆಲದ ಕಾನೂನು ಪಾಲಿಸು, ಹಿಡಿದ ಕೆಲಸ ಗಟ್ಟಿಯಾಗಿ ಮಾಡು.

ಕರ್ತೃತ್ವ ಇದೆಯೋ ಇಲ್ಲವೋ ಎಂಬ ಪ್ರಶ್ನೆ ತೀರ್ಮಾನವಾಗುವ ತನಕ ಹೆಸರು ಬಿಡಿಸುವುದನ್ನು ನಿಲ್ಲಿಸಲು ಬರುವುದಿಲ್ಲ. ಅವ್ವನಿಗೆ ನೀರು ತಂದುಕೊಡಿ, ತಮ್ಮನಿಗೆ ಲೆಕ್ಕ ಹೇಳಿಕೊಡಿ. ಒಂದು ಮಾತು ಗಂಭೀರವಾಗಿ: ನಿದ್ದೆ ಹಾರಿಹೋಗಿದ್ದರೆ, ಊಟ ಸೇರದಿದ್ದರೆ, “ಯಾವುದಕ್ಕೂ ಅರ್ಥವಿಲ್ಲ, ಬದುಕೇ ಬೇಡ” ಎನ್ನಿಸುತ್ತಿದ್ದರೆ ಅದು ತತ್ತ್ವಶಾಸ್ತ್ರದ ಸಂಶಯವೆಂದು ಸುಮ್ಮನಿರಬೇಡಿ. ಮನೆಯವರಿಗೆ ಹೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

11. ಓದಿದಷ್ಟೇ ಹೊತ್ತು ಓದದೆ ಕೂಡ್ರಿ

ಶ್ರವಣ, ಮನನ, ನಿದಿಧ್ಯಾಸನ ಎಂದು ವೇದಾಂತಿಗಳು ಮೂರು ಹೇಳಿದ್ದು ಅಲಂಕಾರಕ್ಕಲ್ಲ. ಶಾಸ್ತ್ರ ಏನು ಹೇಳುತ್ತದೆ ಎಂಬ ಸಂಶಯ ಶ್ರವಣದಿಂದ ಹೋಗುತ್ತದೆ. ಅದು ಹೇಳಿದ್ದು ಹೇಗೆ ಸಾಧ್ಯ ಎಂಬ ಸಂಶಯ ಮನನದಿಂದ ಹೋಗುತ್ತದೆ. ಅರ್ಥವಾಗಿಯೂ ಹಳೆಯ ಅಭ್ಯಾಸ ಎಳೆಯುತ್ತಿದ್ದ ಕಡೆಗೇ ಎಳೆಯುವುದು ನಿದಿಧ್ಯಾಸನದಿಂದ ಹೋಗುತ್ತದೆ. ಹೆಚ್ಚಿನವರು ಎರಡನೆಯ ಬಗೆಯ ಸಂಶಯಕ್ಕೆ ಮೊದಲನೆಯ ಔಷಧ ಕುಡಿಯುತ್ತಾರೆ: ಇನ್ನೊಂದು ಪುಸ್ತಕ, ಮತ್ತೊಂದು ವಿಡಿಯೋ. ಒಂದು ಗಂಟೆ ಓದಿದರೆ ಒಂದು ಗಂಟೆ ಮೊಬೈಲು, ಪುಸ್ತಕ ಎರಡೂ ಇಲ್ಲದೆ ಅಡ್ಡಾಡಿ. ಸಂಶಿಯಿಂದ ಹುಬ್ಬಳ್ಳಿಯವರೆಗಿನ ರೈಲು ಪ್ರಯಾಣ ಇದಕ್ಕೆ ಹೇಳಿಮಾಡಿಸಿದ್ದು. ಗೀತೆಯ ಎರಡನೆಯ ಅಧ್ಯಾಯದ 72 ಶ್ಲೋಕ ಕೇಳಿಯೂ, ಮೂರನೆಯದರ ಮೊದಲಿಗೇ ಅರ್ಜುನ ನಿನ್ನ ಮಾತಿನಿಂದ ಬುದ್ಧಿ ಗಲಿಬಿಲಿಯಾಗುತ್ತಿದೆ ಎಂದು ಕೃಷ್ಣನಿಗೇ ದೂರುತ್ತಾನೆ. ಸಂಶಯ ಹೋಯಿತೆಂದು ಅವನು ಹೇಳುವುದು ಹದಿನೆಂಟನೆಯ ಅಧ್ಯಾಯದ ಕೊನೆಗೆ.

12. ಪರೀಕ್ಷೆಯಲ್ಲಿ ಸಂಶಯವನ್ನು ಮುಚ್ಚಿಡಬೇಡಿ, ಜೋಡಿಸಿ ಬರೆಯಿರಿ

“ಒಟ್ಟಿನಲ್ಲಿ ಎಲ್ಲ ದರ್ಶನಗಳೂ ಒಂದೇ ಸತ್ಯವನ್ನು ಹೇಳುತ್ತವೆ” ಎಂದು ಮುಗಿಸುವ ಉತ್ತರ ಅತ್ಯಂತ ದುರ್ಬಲ ಉತ್ತರ. ಪ್ರಶ್ನೆ ಏನು, ಒಂದು ಪಕ್ಷದ ಬಲವಾದ ಕಾರಣ ಯಾವುದು, ಅದಕ್ಕೆ ಬಂದ ಬಲವಾದ ಆಕ್ಷೇಪ ಯಾವುದು, ನಿಮಗೆ ಯಾವುದು ಹೆಚ್ಚು ಸರಿ ಅನ್ನಿಸುತ್ತದೆ, ಏಕೆ, ಯಾವ ಪ್ರಶ್ನೆ ಇನ್ನೂ ಉಳಿದಿದೆ. ಈ ಕ್ರಮದಲ್ಲಿ ಬರೆದರೆ ನಿಮ್ಮ ಗೊಂದಲವೇ ಉತ್ತರದ ಬೆನ್ನೆಲುಬಾಗುತ್ತದೆ. ಉತ್ತರ ಪತ್ರಿಕೆ ತಿದ್ದುವವರಿಗೆ ನೀವು ಮೋಕ್ಷ ಪಡೆದಿದ್ದೀರೋ ಇಲ್ಲವೋ ಎಂಬುದು ಬೇಕಿಲ್ಲ. ವಾದವನ್ನು ಹಿಡಿದು ನಡೆಸಬಲ್ಲಿರೋ ಎಂಬುದು ಬೇಕು.

ಕೊನೆಗೆ ಸಂಶಿಯ ಮತ್ತು ಸುತ್ತಲಿನ ಊರುಗಳ ಓದುವ ಮಕ್ಕಳಲ್ಲಿ, ಅವರ ಮಾಸ್ತರರಲ್ಲಿ ಒಂದು ಕೋರಿಕೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಾರಕ್ಕೊಂದು ಸಂಜೆ, ಒಂದು ಗಂಟೆ, ಐದು ಜನ ಅಲ್ಲಿ ಕೂಡ್ರಿ. ಪ್ರತಿಯೊಬ್ಬರೂ ಒಂದೇ ವಾಕ್ಯದಲ್ಲಿ ಬರೆದ ಒಂದು ಪ್ರಶ್ನೆ ತನ್ನಿ. ಭಜನೆಯ ಹಿರಿಯರೊಬ್ಬರನ್ನೂ ಕರೆಯಿರಿ. ಈ ಶನಿವಾರದಿಂದಲೇ ಶುರು ಮಾಡಿ.